ಕೂಗಳತೆಯಲ್ಲಿದ್ದ ಮೂರು ಮಕ್ಕಳು

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಶಾಲೆಯ ನಲ್ಲಿಯಲ್ಲಿ ನೀರು ನಿಂತಿತು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆಗಷ್ಟೇ ನಾನು ಮೊಬೈಲಿನ ಕ್ಯಾಮೆರಾ ಚಾಲೂ ಮಾಡಿ ಎಂಟನೇ ತರಗತಿಯ ಹಿಂದಿನ ಮೂಲೆಯಲ್ಲಿ ನಿಂತಿದ್ದೆ. ತಡವಾಗಿ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದ ಹುಡುಗಿಯೊಬ್ಬಳು ಹೊರಗಿನಿಂದ “ನೀರು ಹೋಯ್ತು!” ಎಂದು ಕೂಗಿದ್ದು ಆ ವಿಡಿಯೋದ ಶುರುವಿನಲ್ಲೇ ಇದೆ. ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ ಗೊತ್ತಿಲ್ಲ. ಈಗ ನೋಡುವುದನ್ನು ಬಿಟ್ಟಿದ್ದೇನೆ. ಆದರೂ ಆ ದನಿ ಕಿವಿಯಲ್ಲಿ ಹಾಗೇ ಇದೆ.

ಅದು ಕಳೆದ ವರ್ಷದ ನವೆಂಬರ್. ನಾನು ನರಸಿಂಹರಾಜಪುರ ತಾಲ್ಲೂಕಿನಲ್ಲಿ, ಮುತ್ತಿನಕೊಪ್ಪದಿಂದ ಒಳಕ್ಕೆ ಹೋಗುವ ದಾರಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಊರಿನ ಹೆಸರು ಬರೆಯುವುದಿಲ್ಲ, ಆ ಮಕ್ಕಳು ಇನ್ನೂ ಅಲ್ಲೇ ಓದುತ್ತಿದ್ದಾರೆ. ನಾನು ಹುಟ್ಟಿ ಬೆಳೆದದ್ದು ಕೊಪ್ಪ ಪೇಟೆಯಲ್ಲಿ, ಬಿ.ಎಸ್ಸಿ. ಓದಿದ್ದು ಶೃಂಗೇರಿಯಲ್ಲಿ. ಮಲೆನಾಡಿನವಳೆಂದೇ ಎಲ್ಲ ಕಡೆ ಹೇಳಿಕೊಳ್ಳುತ್ತಿದ್ದೆ. ಆದರೆ ನನ್ನ ಮಲೆನಾಡು ಬಸ್ ಸ್ಟ್ಯಾಂಡಿನಿಂದ ಕಾಲೇಜಿನವರೆಗಿನ ಟಾರು ರಸ್ತೆ ಅಷ್ಟೇ ಎಂಬುದು ಆ ಮಧ್ಯಾಹ್ನದವರೆಗೆ ನನಗೇ ಹೊಳೆದಿರಲಿಲ್ಲ.

ವಿಜ್ಞಾನ ಹೇಳುತ್ತಿದ್ದವರು ಬಸವರಾಜ ಸರ್. ಬಾಗಲಕೋಟೆ ಕಡೆಯವರು, ನೇಮಕವಾಗಿ ನೇರ ನಮ್ಮ ಶಾಲೆಗೆ ಬಂದವರು. ಆ ವರ್ಷ ನಾವಿಬ್ಬರೂ ಶಿಕ್ಷಕರಿಗೆಂದೇ ಇರುವ ಒಂದು ಆನ್‌ಲೈನ್ ಸ್ನಾತಕೋತ್ತರ ಕೋರ್ಸಿಗೆ ಸೇರಿದ್ದೆವು. ವಿಷಯ, ಬೋಧನೆ ಮತ್ತು ಕಲಿಕೆಯ ಮಾದರಿಗಳು. ಪಾಠ ಮಾಡುವುದಕ್ಕೆ ಒಂದೇ ದಾರಿ ಇಲ್ಲ. ಉಪನ್ಯಾಸ, ಗುಂಪು ಅನ್ವೇಷಣೆ, ಪಾತ್ರಾಭಿನಯ ಹೀಗೆ ಹಲವು ಮಾದರಿಗಳಿವೆ. ಒಂದೊಂದಕ್ಕೂ ಅದರದೇ ಹಂತಗಳು, ಶಿಕ್ಷಕರು ಏನು ಮಾಡಬೇಕು, ಏನು ಮಾಡಬಾರದು ಎಂಬ ನಿಯಮಗಳು ಇರುತ್ತವೆ. ಶನಿವಾರ ಸಂಜೆ ಲೈವ್ ತರಗತಿ. ನಾನು ನರಸಿಂಹರಾಜಪುರದ ಬಾಡಿಗೆ ಮನೆಯ ಟೆರೇಸಿನಲ್ಲಿ ಕೂತು ಕೇಳುತ್ತಿದ್ದೆ. ಬಸವರಾಜ ಸರ್ ನೆಟ್‌ವರ್ಕ್ ಹುಡುಕಿಕೊಂಡು ಮುತ್ತಿನಕೊಪ್ಪದ ಬಸ್ ತಂಗುದಾಣಕ್ಕೆ ಹೋಗುತ್ತಿದ್ದರು. ಅವರ ಹಿಂದಿನಿಂದ ಬಸ್ಸಿನ ಹಾರನ್ ಕೇಳಿದ ಕೂಡಲೇ ಮೆಂಟರ್ ಮೇಡಂ “ಬಸವರಾಜ್, ಮ್ಯೂಟ್ ಪ್ಲೀಸ್” ಅನ್ನುವುದು ವಾರವಾರದ ತಮಾಷೆಯಾಗಿತ್ತು.

ಅದೇ ಮೆಂಟರ್, ಬಸವರಾಜ ಸರ್ ಅವರ ಮೊದಲ ವಿಡಿಯೋ ನೋಡಿ ಒಂದು ಟಿಪ್ಪಣಿ ಕಳಿಸಿದ್ದರು. “ನೀವು ಬಹಳ ಮಾತಾಡುತ್ತೀರಿ. ಮಕ್ಕಳಿಗೆ ಯೋಚಿಸಲು ಜಾಗವೇ ಇಲ್ಲ.” ಬಸವರಾಜ ಸರ್ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಎರಡನೇ ಅಸೈನ್‌ಮೆಂಟಿಗೆ ಇನ್‌ಕ್ವೈರಿ ಟ್ರೈನಿಂಗ್ ಎಂಬ ಮಾದರಿಯನ್ನು ಆರಿಸಿಕೊಂಡರು. ಅದರಲ್ಲಿ ಶಿಕ್ಷಕರು ಮೊದಲು ಮಕ್ಕಳ ಮುಂದೆ ಒಂದು ಒಗಟಿನಂಥ ಘಟನೆ ಇಡಬೇಕು. ಮಕ್ಕಳು ಪ್ರಶ್ನೆ ಕೇಳಬೇಕು. ಶಿಕ್ಷಕರು ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬೇಕು. ಮಕ್ಕಳು ಊಹೆ ಕಟ್ಟಿ ತಾವೇ ಪರೀಕ್ಷಿಸಿ ಉತ್ತರ ಕಂಡುಕೊಳ್ಳಬೇಕು. ಪಾಠದ ವಿಡಿಯೋ ಎಲ್ಲೂ ಕಡಿಯದೆ ಒಂದೇ ಓಟದಲ್ಲಿ ಇರಬೇಕು. ಅದನ್ನು ತೆಗೆಯಲು ಕೋರ್ಸಿನ ಇನ್ನೊಬ್ಬರು ‘ಪಿಯರ್ ಅಬ್ಸರ್ವರ್’ ಆಗಿ ಇರಬೇಕು. ಅಬ್ಸರ್ವರ್ ನೋಡಬೇಕು, ಬರೆದುಕೊಳ್ಳಬೇಕು. ಪಾಠದಲ್ಲಿ ಬಾಯಿ ಹಾಕಬಾರದು. ಆ ಅಬ್ಸರ್ವರ್ ನಾನು.

ಅವತ್ತು ಅವರು ತಯಾರಿ ಮಾಡಿಕೊಂಡಿದ್ದ ಒಗಟು ಬೇರೆ: ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಆದರೆ ಹೊರಗೆ “ನೀರು ಹೋಯ್ತು” ಎಂಬ ಕೂಗು ಎದ್ದದ್ದೇ ಅವರ ಮುಖ ಅರಳಿತು.

“ಮೇಡಂ, ಇದಕ್ಕಿಂತ ಚಲೋ ಒಗಟ ಬೇಕೇನ್ರಿ? ದೇವರ ಕೊಟ್ಟಾನ. ಮೇಣದಬತ್ತಿ ಇನ್ನೊಂದ್ ದಿನ ಹಚ್ಚೂಣು,” ಎಂದರು. ವಿಡಿಯೋದಲ್ಲಿ ಅದೂ ಇದೆ.

ನಮ್ಮ ಶಾಲೆಗೆ ನೀರು ಬರುವುದು ಹಿಂದಿನ ಗುಡ್ಡದ ಅಬ್ಬಿಯಿಂದ. ಅಬ್ಬಿ ಎಂದರೆ ಬಂಡೆಯ ಸಂದಿನಿಂದ ವರ್ಷವಿಡೀ ಒಸರುವ ನೀರು. ಅದನ್ನೊಂದು ಸಿಮೆಂಟ್ ತೊಟ್ಟಿಯಲ್ಲಿ ಹಿಡಿದು, ಕಪ್ಪು ಪೈಪಿನಲ್ಲಿ ಇಳಿಜಾರಿಗುಂಟ ಶಾಲೆಯ ಟ್ಯಾಂಕಿಗೆ ಬಿಟ್ಟಿದ್ದಾರೆ. ಅಲ್ಲಿಗೆ ಶಾಲೆಯಿಂದ ಕೂಗಳತೆಯ ದೂರ. ಎಷ್ಟೋ ಮಕ್ಕಳು ಮನೆಗೆ ಹೋಗುವ ಕಾಲುದಾರಿಯೂ ಅದರ ಪಕ್ಕದಲ್ಲೇ ಹಾದಿದೆ.

ಬಸವರಾಜ ಸರ್ ಬೋರ್ಡಿನ ಮೇಲೆ “ನೀರು ಯಾಕೆ ನಿಂತಿತು?” ಎಂದು ಬರೆದು ಕೈಕಟ್ಟಿ ನಿಂತರು. ಮಕ್ಕಳು ಶುರುಮಾಡಿದರು.

“ಸರ್, ಈ ನೀರಿಗೆ ಮೋಟರ್ ಇದೆಯಾ?”

“ಇಲ್ಲ.”

“ಹಂಗಾದ್ರೆ ಕರೆಂಟಿಗೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ?”

“ಹೌದು.”

“ಅಬ್ಬಿ ಬತ್ತಿದೆಯಾ ಸರ್?”

ಸರ್ ತುಸು ತಡೆದರು. ಮೇಣದಬತ್ತಿಯ ಒಗಟಿನ ಉತ್ತರ ಅವರಿಗೆ ಗೊತ್ತಿತ್ತು. ಈ ಒಗಟಿನದು ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಹೌದು ಎನ್ನುವುದು ಹೇಗೆ, ಇಲ್ಲ ಎನ್ನುವುದು ಹೇಗೆ? “ಅದನ್ನ ಊಹೆ ಅಂತ ಬರೀರಿ. ಆಮ್ಯಾಲೆ ನೀವ ಪರೀಕ್ಷಾ ಮಾಡ್ರಿ,” ಎಂದರು. ಮಕ್ಕಳು ಬರೆಸಿದ ಮೊದಲ ಊಹೆ, ಕೆಳಗಿನ ಟ್ಯಾಂಕಿನ ವಾಲ್ವ್ ಕೆಟ್ಟಿದೆ. ಎರಡನೆಯದು, ಪೈಪಿಗೆ ಎಲೆ ಕಟ್ಟಿದೆ. ಆಮೇಲೆ ಕಿಟಕಿ ಪಕ್ಕದ ಬೆಂಚಿನ ಸಿಂಚನಾ ಎದ್ದು ನಿಂತಳು. ಹೆಚ್ಚು ಮಾತಾಡುವ ಹುಡುಗಿಯಲ್ಲ.

“ಸರ್, ಆನೆ ಪೈಪ್ ಎಳೆದಿರಬಹುದಾ?”

ಇಡೀ ಕ್ಲಾಸು ನಕ್ಕಿತು. ಅವಳ ಹಿಂದೆ ಕೂರುವ ಚಂದನ್ ಎಂಬ ಬಾಯಿಬಡುಕ, “ಆನೆ ನಮ್ಮ ಶಾಲೆ ನೀರು ಕುಡಿದ್ರೆ ಅದಕ್ಕೂ ಹಾಜರಿ ಹಾಕ್ಬೇಕು ಸರ್! ಬಿಸಿಯೂಟನೂ ಬಡಿಸ್ಬೇಕು!” ಎಂದ. ನಾನೂ ನಕ್ಕೆ, ಅದಕ್ಕೇ ಅಲ್ಲಿ ಕ್ಯಾಮೆರಾ ಅಲುಗಾಡಿದೆ. ಬಸವರಾಜ ಸರ್ ಮಾತ್ರ ನಗದೆ, ಯಾವ ಊಹೆಯನ್ನೂ ಹೀಗಳೆಯಬಾರದೆಂಬ ನಿಯಮದಂತೆ, ಬೋರ್ಡಿನಲ್ಲಿ ‘3. ಆನೆ’ ಎಂದು ಬರೆದರು.

ಆ ಸಾಲು ಬರೆಯುತ್ತಿರುವಾಗಲೇ ವಿಡಿಯೋದಲ್ಲಿ ದೂರದಿಂದ ಏನೋ ಲಟಕ್ಕೆಂದು ಮುರಿದ ಸದ್ದು ಕೇಳುತ್ತದೆ. ಇಡೀ ಕೋಣೆಯಲ್ಲಿ ಸಿಂಚನಾಳ ತಲೆ ಮಾತ್ರ ಕಿಟಕಿಯ ಕಡೆ ತಿರುಗುತ್ತದೆ. ಅವತ್ತು ನಾನು ಅದನ್ನು ಗಮನಿಸಲಿಲ್ಲ. ನನ್ನ ಕಣ್ಣು ಬೋರ್ಡು ಫ್ರೇಮಿನೊಳಗಿದೆಯೇ ಎಂದು ನೋಡುತ್ತಿತ್ತು.

ಮಕ್ಕಳು ಮೂರು ಗುಂಪಾದರು. ಒಂದು ಟ್ಯಾಂಕಿನ ಹತ್ತಿರ, ಒಂದು ಕಾಂಪೌಂಡಿನ ಪೈಪಿನ ಹತ್ತಿರ. ಸಿಂಚನಾ, ಚಂದನ್ ಮತ್ತು ನಾಗಶ್ರೀ ಎಂಬ ಪುಟ್ಟ ಹುಡುಗಿ ಮೂರನೇ ಗುಂಪು.

“ಸರ್, ನಾವು ಅಬ್ಬಿ ಹತ್ರ ಹೋಗಿ ನೋಡಿ ಬರಬಹುದಾ?” ಚಂದನ್ ಕೇಳಿದ.

“ಹೌದು.”

ಆ ಒಂದು ಪದ ಬಸವರಾಜ ಸರ್ ಎಷ್ಟು ಖುಷಿಯಿಂದ ಹೇಳಿದರೆಂದು ನನಗೆ ಗೊತ್ತು. ಮೊದಲ ಸಲ ಒಂದು ಪಾಠ ಮಾದರಿಯ ಹಂತಗಳಂತೆ ಹರಿಯುತ್ತಿತ್ತು. ನನಗೆ ಒಂದು ಕ್ಷಣ, ದೊಡ್ಡವರು ಯಾರಾದರೂ ಜೊತೆಗೆ ಹೋಗಲಿ ಎನ್ನಿಸಿತು. ಆದರೆ ದಿನವೂ ನಡೆದು ಬರುವ ದಾರಿ ತಾನೆ ಎಂದು ಸುಮ್ಮನಾದೆ. ಅಬ್ಸರ್ವರ್ ಬಾಯಿ ಹಾಕಬಾರದೆಂಬ ನಿಯಮವೂ ಇತ್ತು. ಎರಡರಲ್ಲಿ ಯಾವುದು ನನ್ನನ್ನು ತಡೆಯಿತು ಎಂದು ಇವತ್ತಿಗೂ ಹೇಳಲಾರೆ.

ಟ್ಯಾಂಕಿನ ಗುಂಪು ವಾಪಸ್ ಬಂತು, ವಾಲ್ವ್ ಸರಿಯಿದೆ. ಕಾಂಪೌಂಡಿನ ಗುಂಪೂ ಬಂತು, ಪೈಪಿನಲ್ಲಿ ಎಲೆಯಿಲ್ಲ, ನೀರೂ ಇಲ್ಲ. ಪೀರಿಯಡ್ ಮುಗಿದು ಗಂಟೆ ಹೊಡೆಯಿತು. ಮೂರನೇ ಗುಂಪು ಬರಲಿಲ್ಲ.

“ಬರ್ತಾರ ಬಿಡ್ರಿ, ನೀರಾಗ ಆಡಾಕ ನಿಂತಿರ್ತಾರ,” ಎಂದು ಸರ್ ನಕ್ಕರು.

ನಾನು ರೆಕಾರ್ಡಿಂಗ್ ನಿಲ್ಲಿಸಿದೆ. ನಡುವೆ ಫೋನ್ ಬಂದರೆ ವಿಡಿಯೋ ಕಡಿದುಹೋಗುತ್ತದೆಂದು ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿದ್ದೆ. ಅದನ್ನು ತೆಗೆದೆ. ಕೈಯಲ್ಲಿದ್ದ ಮೊಬೈಲ್ ಗುರುಗುಟ್ಟತೊಡಗಿತು, ನಿಲ್ಲಲೇ ಇಲ್ಲ. ಆನೆಯ ಸುಳಿವು ಹಂಚಿಕೊಳ್ಳಲು ಊರಿನವರು ಮಾಡಿಕೊಂಡಿದ್ದ ವಾಟ್ಸಾಪ್ ಆನೆ ಗ್ರೂಪಿನಲ್ಲಿ ಒಂದರ ಮೇಲೊಂದು ಮೆಸೇಜು. ಎಲ್ಲಕ್ಕಿಂತ ಹಿಂದಿನದು ಒಂದು ವಾಯ್ಸ್ ಮೆಸೇಜು. ನಾನು ರೆಕಾರ್ಡಿಂಗ್ ಶುರುಮಾಡಿದ ಕೆಲವೇ ನಿಮಿಷಕ್ಕೆ ಬಂದದ್ದು. “ಎಲ್ಲರಿಗೂ ಹೇಳ್ತಿದೀನಿ. ಒಂಟಿ ಸಲಗ ಶಾಲೆ ಮೇಲಿನ ಗುಡ್ಡಕ್ಕೆ ದಾಟಿದೆ. ಅಬ್ಬಿ ಪೈಪ್ ಕಿತ್ತು ಹಾಕಿದೆ. ಯಾರೂ ಆ ಕಡೆ ಹೋಗ್ಬೇಡಿ.”

ಆ ಸಲಗ ಎಲ್ಲರಿಗೂ ಗೊತ್ತಿದ್ದದ್ದೇ. ಹಿಂದಿನ ತಿಂಗಳು ಬೈಕಿನವರೊಬ್ಬರನ್ನು ಅಟ್ಟಿಸಿಕೊಂಡು ಹೋಗಿ ಬೀಳಿಸಿ ಕಾಲು ಮುರಿದಿತ್ತು. ಅದು ಎಲ್ಲೋ ಭದ್ರಾ ಹಿನ್ನೀರಿನ ಆಚೆ ಇದೆಯೆಂದು ನಾವೆಲ್ಲ ನಂಬಿಕೊಂಡಿದ್ದೆವು.

ಮೊಬೈಲನ್ನು ಬಸವರಾಜ ಸರ್ ಕಿವಿಗೆ ಹಿಡಿದೆ. ಅವರು ಕೇಳಿದರು. ಆಮೇಲೆ ಬೋರ್ಡಿನ ಕಡೆ ನೋಡಿದರು.

ಮುಖ್ಯ ಶಿಕ್ಷಕಿ ಮೀಟಿಂಗಿಗೆಂದು ಪೇಟೆಗೆ ಹೋಗಿದ್ದರು. ಉಳಿದ ಶಿಕ್ಷಕರಿಗೆ ಮಕ್ಕಳನ್ನೆಲ್ಲ ಕೋಣೆಯೊಳಗೆ ಕೂರಿಸಿಕೊಳ್ಳಲು ಹೇಳಿ ನಾವಿಬ್ಬರೂ ಗುಡ್ಡದ ದಾರಿ ಹಿಡಿದೆವು. ಓಡುತ್ತಲೇ ನಾನು ಅರಣ್ಯ ಇಲಾಖೆಗೆ, ಆಮೇಲೆ ಸಿಂಚನಾಳ ತಾಯಿ ಸುಮಿತ್ರಾ ಅವರಿಗೆ ಫೋನ್ ಮಾಡಿದೆ. ಸುಮಿತ್ರಾ ನಮ್ಮ ಶಾಲೆಯ ಎಸ್‌ಡಿಎಂಸಿ, ಅಂದರೆ ಪೋಷಕರ ಉಸ್ತುವಾರಿ ಸಮಿತಿಯ ಅಧ್ಯಕ್ಷೆ. ಬಿ.ಕಾಂ. ಓದಿದವರು, ತೋಟದ ವ್ಯವಹಾರ ಪೂರ್ತಿ ನೋಡಿಕೊಳ್ಳುವವರು, ಮೀಟಿಂಗಿನಲ್ಲಿ ಯಾರಿಗೂ ಸೊಪ್ಪು ಹಾಕದವರು. ನಾನು ತೊದಲಿದ್ದನ್ನೆಲ್ಲ ಕೇಳಿ “ಬಂದೆ” ಎಂದು ಫೋನ್ ಇಟ್ಟರು.

ಬಸವರಾಜ ಸರ್ ಕೈಯಲ್ಲಿ ಕ್ರೀಡಾಕೂಟದ ಕೈಮೈಕ್ ಇತ್ತು. ಗುಡ್ಡದ ಬುಡದಿಂದಲೇ ಕರೆಯಲು ಶುರುಮಾಡಿದರು. “ಸಿಂಚನಾ! ಚಂದನ್! ನಾಗಶ್ರೀ! ಎಲ್ಲಿದ್ದೀರಿ? ಓ ಅನ್ರಿ!” ದನಿ ಎದುರು ಗುಡ್ಡಕ್ಕೆ ಬಡಿದು ವಾಪಸ್ ಬಂತು. ಉತ್ತರ ಬರಲಿಲ್ಲ. ಇನ್ನಷ್ಟು ಮೇಲೆ ಹತ್ತಿ ಮತ್ತೆ ಕರೆದರು. ನಾನೂ ಕರೆದೆ. ಒಂದೊಂದು ಹೆಸರು ಕರೆದ ಮೇಲೂ ನಾವು ಉಸಿರು ಹಿಡಿದು ಕಾಯುತ್ತಿದ್ದೆವು. ಮೂರು ಮಕ್ಕಳಲ್ಲಿ ಒಬ್ಬರೂ ಓಗೊಡುತ್ತಿಲ್ಲ ಎಂದರೆ ಏನರ್ಥ ಎಂದು ನಾನು ಯೋಚಿಸದಿರಲು ಯತ್ನಿಸುತ್ತಿದ್ದೆ. ಚಂದನ್ ಪ್ರಾರ್ಥನೆಯ ಹೊತ್ತಿನಲ್ಲೂ ಸುಮ್ಮನಿರುವ ಹುಡುಗನಲ್ಲ. ಅವನಾದರೂ ಉತ್ತರ ಕೊಡಬೇಕಿತ್ತು.

ದಾರಿ ತಿರುಗುವಲ್ಲಿ ಕಪ್ಪು ಪೈಪು ಎರಡು ತುಂಡಾಗಿ ಬಿದ್ದಿತ್ತು. ಮೇಲಿನ ತುಂಡಿನಿಂದ ನೀರು ಬಳಬಳನೆ ಹರಿದು ಕೆಸರಾಗಿತ್ತು. ಕೆಸರಿನಲ್ಲಿ ದೊಡ್ಡ ಗುಂಡನೆಯ ಹೆಜ್ಜೆ. ಅದರೊಳಗೆ ನೀರು ತುಂಬುತ್ತಿತ್ತು. ಅದರ ಅಂಚಿನಲ್ಲಿ ಒಂದು ನೀಲಿ ಹವಾಯಿ ಚಪ್ಪಲಿ.

ಬಸವರಾಜ ಸರ್ ಅದನ್ನೆತ್ತಿಕೊಂಡರು. “ಚಂದನ್ದು,” ಎಂದರು. ಮೈಕ್ ಬಾಯಿಗಿಟ್ಟು ಇನ್ನೂ ಜೋರಾಗಿ ಕರೆಯಲು ಹೊರಟಾಗ ಹಿಂದಿನಿಂದ ಯಾರೋ ಅವರ ಕೈ ಹಿಡಿದು ಮೈಕನ್ನು ಕೆಳಗಿಳಿಸಿದರು. ಅರಣ್ಯ ಇಲಾಖೆಯ ಗಾರ್ಡ್, ಜೊತೆಗೊಬ್ಬರು ವಾಚರ್. ಬೆಳಿಗ್ಗೆಯಿಂದ ಶೆಟ್ಟಿಕೊಪ್ಪದ ಕಡೆಯಿಂದ ಆನೆಯ ಹೆಜ್ಜೆ ಹಿಡಿದು ಬಂದಿದ್ದರು.

“ಮೈಕ್ ಬಂದ್ ಮಾಡಿ ಸರ್. ಅದು ಇಲ್ಲೇ ಇದೆ.”

ಗಾರ್ಡ್ ಕೈ ತೋರಿಸಿದ ಕಡೆ ನಾನು ನೋಡಿದೆ. ಮೊದಲು ಏನೂ ಕಾಣಲಿಲ್ಲ. ಮುರಿದು ಬಿದ್ದ, ತಾಳೆಯಂಥ ಒಂದು ಬೈನೆ ಮರ, ಅದರ ಹಿಂದೆ ಕಪ್ಪು ಬಂಡೆ. ಆಮೇಲೆ ಬಂಡೆ ಕಿವಿ ಬೀಸಿತು.

“ಪಟಾಕಿ ಹೊಡದು ಓಡಸ್ರಿ ಅದನ್ನ!” ಬಸವರಾಜ ಸರ್ ಪಿಸುದನಿಯಲ್ಲೇ ಕೂಗಿದರು.

“ಎಲ್ಲಿಗೆ ಓಡಿಸ್ಲಿ ಸರ್? ಮಕ್ಕಳು ಯಾವ ಕಡೆ ಇದಾರೆ ಗೊತ್ತಾ ನಿಮಗೆ? ನಾನು ಈ ಕಡೆಯಿಂದ ಹೊಡೆದು, ಅವರು ಆ ಕಡೆ ಇದ್ರೆ?”

ಮಕ್ಕಳು ಎಲ್ಲಿದ್ದಾರೆಂದು ಗೊತ್ತಾಗದೆ ಯಾರೂ ಏನೂ ಮಾಡುವಂತಿರಲಿಲ್ಲ. ಕರೆದರೆ ಅವರು ಓಗೊಡುತ್ತಿಲ್ಲ.

ಸುಮಿತ್ರಾ ಆಗ ಬಂದರು. ಸ್ಕೂಟರನ್ನು ಕೆಳಗೆ ಎಲ್ಲೋ ಬಿಸಾಕಿ ಬಂದಿದ್ದಿರಬೇಕು, ಸೀರೆಯ ಅಂಚೆಲ್ಲ ಕೆಸರು. ಕಣ್ಣಲ್ಲಿ ನೀರಿರಲಿಲ್ಲ. ಬಸವರಾಜ ಸರ್ ಕೈಯಲ್ಲಿದ್ದ ಮೈಕ್ ನೋಡಿ ಮುಖ ಬಿಗಿದುಕೊಂಡರು.

“ಇದ್ರಲ್ಲಿ ಎಂತ ಹೇಳಿ ಕರೆದ್ರಿ?”

“ಹೆಸರು ಹಿಡಿದು ಕರೆದ್ವಿ. ಒಬ್ಬರೂ ಓ ಅನ್ನಲಿಲ್ಲ,” ಎಂದೆ ನಾನು.

“ಹೆಸರು ಕರೆದ್ರಾ? ಕಾಡಲ್ಲಿ?” ಅವರು ನನ್ನನ್ನೇ ನೋಡಿದರು. “ಇವರು ಬಯಲುಸೀಮೆಯವರು, ಬಿಡಿ. ನೀವು ಕೊಪ್ಪದವರಲ್ವಾ ಮಾರಾಯ್ರೆ? ಕಾಡಲ್ಲಿ ಕಣ್ಣಿಗೆ ಕಾಣ್ದೆ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಓಗೊಡಬಾರ್ದು, ಇದ್ದಲ್ಲೇ ಅಡಗಿ ಕೂತ್ಕೋ ಅಂತ ನಾನೇ ಹೇಳಿ ಕೊಟ್ಟಿದೀನಿ ಅವಳಿಗೆ. ನಮ್ಮಜ್ಜಿ ನಂಗೆ ಹೇಳಿದ್ದು. ನೀವು ಕರೆದಷ್ಟೂ ಅವಳು ಉಸಿರು ಬಿಡಲ್ಲ.”

ಅಜ್ಜಿಯ ಮನೆಯಲ್ಲಿ ನಾನೂ ಅದನ್ನು ಕೇಳಿದ್ದೆ. ಕಾಡಿನಲ್ಲಿ ಹೆಸರು ಕರೆಯುವುದು ಮನುಷ್ಯರಲ್ಲ, ಮನುಷ್ಯರಾದರೆ ಹೆಸರು ಹೇಳದೆ ಬರೀ ಕೂ ಹಾಕುತ್ತಾರೆ. ಕೇಳಿ ನಕ್ಕು, ಪೇಟೆಗೆ ಬಂದು ಮರೆತಿದ್ದೆ.

ಸುಮಿತ್ರಾ ಗಾರ್ಡ್ ಕಡೆ ತಿರುಗಿ “ಒಂದ್ಸಲ ಹಾಕ್ಲಾ?” ಎಂದು ಕೇಳಿದರು. ಆತ ಆನೆಯ ಕಡೆ ನೋಡಿ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ, “ಒಂದೇ ಸಲ ಅಕ್ಕ,” ಎಂದರು.

ಸುಮಿತ್ರಾ ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂ ಹಾಕಿದರು. ಒಂದೇ ಉದ್ದನೆಯ ಕೂ. ಬೈನೆ ಮರದ ಹಿಂದೆ ಕಿವಿ ಬೀಸುವುದು ನಿಂತಿತು.

ನಾನು ಎಣಿಸಲಿಲ್ಲ. ಎಷ್ಟು ಹೊತ್ತಾಯಿತೋ ತಿಳಿಯದು. ಆಮೇಲೆ ತೀರಾ ಹತ್ತಿರದಿಂದ, ಆನೆಯ ಬೆನ್ನ ಹಿಂದಿನ ದಿಬ್ಬದಿಂದ, ಸಣ್ಣ ಕೀರಲು ದನಿಯಲ್ಲಿ, ಕೂ.

ಸುಮಿತ್ರಾ ಕೆಳಗೆ ಕೂತುಬಿಟ್ಟರು. “ತೊಟ್ಟಿ ಹಿಂದೆ ಇದಾಳೆ,” ಎಂದರು.

ಮಕ್ಕಳಿಗೂ ನಮಗೂ ನಡುವೆ ಆನೆ ಇತ್ತು. ಈ ಕಡೆಯಿಂದ ಪಟಾಕಿ ಹೊಡೆದರೆ ಅದು ನೇರ ತೊಟ್ಟಿಯ ಕಡೆಗೇ ನುಗ್ಗುತ್ತದೆ. ಅದೀಗ ತಿನ್ನುತ್ತಿದೆ, ಹೊಟ್ಟೆ ತುಂಬಿದರೆ ತಾನಾಗೇ ಹಳ್ಳಕ್ಕೆ ಇಳಿಯುತ್ತದೆ, ಕಾಯೋಣ ಎಂದು ಗಾರ್ಡ್ ತೀರ್ಮಾನಿಸಿದರು. “ಆದ್ರೆ ಅಮ್ಮನ ದನಿ ಕೇಳಿ ಮಕ್ಕಳು ಓಡಿ ಬಂದ್ರೆ ಕಷ್ಟ ಅಕ್ಕ.”

“ಬರಲ್ಲ. ಬರಬೇಡ ಅಂತ ಹೇಳ್ತೀನಿ.” ಅವರು ಎದ್ದು ನಿಂತು ಎರಡು ಗಿಡ್ಡ ಕೂ ಹಾಕಿದರು. ಅವರ ಮನೆಯಲ್ಲಿ ಅದಕ್ಕೆ ‘ಇದ್ದಲ್ಲೇ ಇರು, ನಾನೇ ಬರ್ತೀನಿ’ ಎಂದರ್ಥ. ಆ ಕಡೆಯಿಂದಲೂ ಎರಡು ಗಿಡ್ಡ ಕೂ ಬಂತು.

ಆಮೇಲಿನ ಕಾಯುವಿಕೆಯೇ ಈಗಲೂ ನನ್ನ ಕನಸಿಗೆ ಬರುವುದು. ಆನೆ ಬೈನೆಯ ತಿರುಳನ್ನು ಸೀಳಿ ಸೀಳಿ ತಿನ್ನುವ ಸದ್ದು. ಬಸವರಾಜ ಸರ್ ಚಪ್ಪಲಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು. ಅಷ್ಟರಲ್ಲಿ ನನ್ನ ಮೊಬೈಲ್ ರಿಂಗಾಯಿತು. ಪೇಟೆಯಿಂದ ಮುಖ್ಯ ಶಿಕ್ಷಕಿ. ಅಷ್ಟು ದೊಡ್ಡ ಸದ್ದನ್ನು ನನ್ನ ಜನ್ಮದಲ್ಲಿ ಕೇಳಿಲ್ಲ. ಬೆವೆತ ಬೆರಳು ಜಾರಿತು, ಮತ್ತೆ ಒತ್ತಿದೆ, ಮತ್ತೆ ಜಾರಿತು. ತಿನ್ನುವ ಸದ್ದು ನಿಂತಿತು. ಗಿಡಗಳು ಅಲುಗಿ, ಸೊಂಡಿಲು ಮೇಲೆದ್ದು ನಮ್ಮ ಕಡೆ ತಿರುಗಿತು. ಸುಮಿತ್ರಾ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಅವುಚಿಕೊಂಡರು. ರಿಂಗು ಒಳಗೊಳಗೇ ಮೊಳಗಿ ಸತ್ತಿತು. ಗಾರ್ಡ್ ನಮಗೆ ಅಲುಗಬೇಡಿ ಎಂದು ಅಂಗೈ ತೋರಿಸಿದರು.

ಸೊಂಡಿಲು ಇಳಿಯಿತು. ಬಿಸಿಲು ಎದುರು ಗುಡ್ಡದ ನೆತ್ತಿಗೆ ಹೋಗುವ ಹೊತ್ತಿಗೆ ಆನೆ ಯಾವ ಅವಸರವೂ ಇಲ್ಲದೆ ಹಳ್ಳದ ಕಡೆ ಇಳಿಯಿತು. ವಾಚರ್ ಅದರ ಹಿಂದೆ ಹೋಗಿ, ದೂರ ಸಾಗಿದ್ದನ್ನು ಖಾತ್ರಿ ಮಾಡಿಕೊಂಡು ಬಂದರು. ಆಗ ಸುಮಿತ್ರಾ ಉದ್ದನೆಯ ಕೂ ಹಾಕುತ್ತಾ ತೊಟ್ಟಿಯ ಕಡೆ ನಡೆದರು.

ಮಕ್ಕಳು ಸಾಲಾಗಿ ಎದ್ದು ಬಂದರು. ನಾಗಶ್ರೀಯ ಕೈ ಸಿಂಚನಾಳ ಕೈಯಲ್ಲಿತ್ತು. ಸುಮಿತ್ರಾ ಮಗಳ ಬೆನ್ನಿಗೊಂದು ಬಲವಾದ ಏಟು ಹಾಕಿ, ಅದೇ ಕೈಯಿಂದ ಅವಳನ್ನು ಎಳೆದು ತಬ್ಬಿಕೊಂಡರು. ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಬಂದ ಚಂದನ್ ನೇರ ಬಸವರಾಜ ಸರ್ ಮುಂದೆ ನಿಂತ. ಮುಖ ಸುಣ್ಣದ ಹಾಗೆ ಬಿಳಿಚಿತ್ತು.

“ಸರ್,” ಎಂದ, “ಮೂರನೇ ಊಹೆ ಸರಿ.”

ಬಸವರಾಜ ಸರ್ ಚಪ್ಪಲಿಯನ್ನು ಅವನ ಕಾಲ ಮುಂದಿಟ್ಟು ದಾರಿಯಲ್ಲೇ ಕುಸಿದು ಕೂತು ಅತ್ತರು.

ಇಳಿಯುವಾಗ ನಾನು ಸಿಂಚನಾಳನ್ನು ಕೇಳಿದೆ. “ನಾವು ಕರೆದದ್ದು ಕೇಳಿಸ್ಲಿಲ್ವಾ?”

“ಎಲ್ಲಾ ಕೇಳಿಸ್ತು ಮೇಡಂ. ಚಂದನ್ ಓ ಅನ್ನಕ್ಕೆ ಹೋದ, ನಾನು ಅವನ ಬಾಯಿ ಮುಚ್ಚಿ ಹಿಡ್ಕೊಂಡೆ.”

“ನಮ್ಮ ದನಿ ಅಂತ ಗೊತ್ತಾಗ್ಲಿಲ್ವಾ?”

“ಮೈಕಲ್ಲಿ ಯಾರ ದನಿಯೂ ಅವರ ದನಿ ಹಂಗೆ ಇರ್ಲಿಲ್ಲ.”

ಚಂದನ್ ಹಿಂದಿನಿಂದ ತನ್ನ ಮುಂಗೈ ತೋರಿಸಿದ. ಬಾಯಿ ಬಿಡಿಸಿಕೊಳ್ಳಲು ಹೋದಾಗ ಸಿಂಚನಾ ಅಲ್ಲಿ ಉಗುರು ಊರಿದ್ದಳು. “ಆನೆಗಿಂತ ಇವಳದ್ದೇ ಹೆದರಿಕೆ ಮೇಡಂ,” ಎಂದ. ನಗು ಬರಲಿಲ್ಲ ನನಗೆ. ನಾವು ಮೊದಲ ಸಲ ಕರೆದಾಗ ಆನೆ ತೊಟ್ಟಿಗೆ ಅಂಟಿಕೊಂಡೇ ನಿಂತಿತ್ತಂತೆ. ಆಗ ಓಗೊಟ್ಟಿದ್ದರೆ ಏನಾಗುತ್ತಿತ್ತು ಎಂದು ಗಾರ್ಡ್ ಅವರನ್ನು ಕೇಳಿದೆ. “ಹೇಳಕ್ಕಾಗಲ್ಲ ಮೇಡಂ,” ಎಂದರು. ಯಾವುದು ಮಕ್ಕಳನ್ನು ಉಳಿಸಿತು, ಯಾವುದು ನಮ್ಮನ್ನು ಅಷ್ಟು ಹೊತ್ತು ಕೊಂದಿತು ಎಂಬುದನ್ನು ಬಿಡಿಸಿ ನೋಡಲು ನನಗೆ ಇಂದಿಗೂ ಆಗಿಲ್ಲ.

ಆ ರಾತ್ರಿಯಿಂದ ನನ್ನ ನಿದ್ದೆ ಹೋಯಿತು. ಕಣ್ಣು ಹತ್ತಿದ ಕೂಡಲೇ ಲಟಕ್ಕೆಂಬ ಸದ್ದು. ಮನೆಯ ನಲ್ಲಿಯಲ್ಲಿ ಗಾಳಿ ಗೊರಗೊರ ಅಂದರೂ ಎದ್ದು ಕೂರುತ್ತಿದ್ದೆ. “ಮಕ್ಕಳು ಅವರವರ ಮನೇಲಿ ಮಲಗಿದಾರೆ ಮಾರಾಯ್ತಿ, ನೀನೂ ಮಲಗು,” ಎಂದು ನನ್ನವರು ಹೇಳಿ ಹೇಳಿ ಸೋತರು. ಎದ್ದವಳು ಮೊಬೈಲ್ ತೆಗೆದು ಅದೇ ವಿಡಿಯೋ ನೋಡುತ್ತಿದ್ದೆ. ಸಿಂಚನಾ ಕಿಟಕಿಯ ಕಡೆ ತಿರುಗುವ ಜಾಗ ಬಂದಾಗ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡುತ್ತಿದ್ದೆ. ಇಲ್ಲೊಂದು ಮಾತು ಆಡಿದ್ದರೆ? ಬರೀ ‘ತಡೀರಿ’ ಎಂದಿದ್ದರೆ?

ಬಸವರಾಜ ಸರ್ ಕೋರ್ಸ್ ಬಿಡುತ್ತೇನೆಂದರು. ಪಾಠದಲ್ಲಿ ಹಳೆಯ 'ಬಹಳ ಮಾತಾಡುವ' ಮೇಷ್ಟ್ರಾದರು. ಗಂಟೆ ಹೊಡೆದಾಗಿನಿಂದ ಮುಗಿಯುವವರೆಗೆ ಅವರದೇ ಮಾತು, ಮಕ್ಕಳನ್ನು ಬಾಗಿಲ ಹೊರಗೆ ಬಿಡುತ್ತಿರಲಿಲ್ಲ. ಒಂದು ದಿನ ಚಂದನ್ “ಸರ್, ಇವತ್ತೂ ನೀವೇ ಮಾತಾಡದಾ?” ಎಂದು ಕೇಳಿದ. ಅವರು ಬೈಯಲಿಲ್ಲ. ಸ್ಟಾಫ್ ರೂಮಿಗೆ ಬಂದು “ಹುಡುಗ ಖರೇನ ಕೇಳ್ಯಾನ್ರಿ ಮೇಡಂ. ಆದ್ರ ನನ್ನ ಬಾಯಾಗ ‘ಹೌದು’ ಅನ್ನೂದ ಬರವಲ್ದು,” ಎಂದರು.

ಎಸ್‌ಡಿಎಂಸಿ ಸಭೆ ಸೇರಿದಾಗ ನಾವಿಬ್ಬರೂ ಏನು ಬಂದರೂ ಸರಿ ಎಂದು ತಲೆ ತಗ್ಗಿಸಿ ಕೂತೆವು. ಕೆಲವು ಪೋಷಕರು ಸಿಟ್ಟಿನಿಂದಲೇ ಮಾತಾಡಿದರು, ಆಡಬೇಕಾದದ್ದೇ. ಕೊನೆಗೆ ಸುಮಿತ್ರಾ ಎದ್ದರು.

“ಸರ್ ಕಳಿಸಿದ್ದು ತಪ್ಪು. ಅದನ್ನ ಅವರ ಮುಖಕ್ಕೇ ಹೇಳಿದೀನಿ. ಆದ್ರೆ ಒಂದು ಮಾತು. ಅವತ್ತು ಪಾಠ ಇಲ್ದೆ ಇದ್ದಿದ್ರೆ ನನ್ನ ಮಗಳು ಸಾಯಂಕಾಲ ಅದೇ ದಾರೀಲಿ ಒಬ್ಬಳೇ ಮನೆಗೆ ಬರ್ತಿದ್ಲು. ನಂಗೆ ಇವತ್ತಿಗೂ ನಿದ್ದೆ ಬರದೆ ಇರೋದು ಅದಕ್ಕೆ.” ಆಮೇಲೆ ಬಸವರಾಜ ಸರ್ ಕಡೆ ತಿರುಗಿದರು. “ಕೋರ್ಸ್ ಬಿಡ್ತೀರಂತೆ. ಎಂತಕ್ಕೆ ಬಿಡದು? ಮಕ್ಕಳಿಗೆ ನಾವು ಎಂತ ಹೇಳಿ ಕೊಟ್ಟಿದೀವಿ ಅಂತ ಮೊದ್ಲು ನಮ್ಮನ್ನ ಕೇಳಿ. ಆಮೇಲೆ ನಿಮ್ಮ ಪಾಠ ಮಾಡಿ.”

ಸುಮಿತ್ರಾ ಅವರಿಗೂ ನಿದ್ದೆ ಬರುತ್ತಿಲ್ಲವೆಂದು ಕೇಳಿದಾಗ, ಯಾಕೋ, ಒಬ್ಬಳೇ ಎಚ್ಚರವಿದ್ದೇನೆಂಬ ನನ್ನ ಭಾವನೆ ತುಸು ಸಡಿಲವಾಯಿತು.

ಆ ಮೇಲೆ ಶಾಲೆಯಲ್ಲಿ ಕೆಲವು ವಿಷಯ ಬದಲಾದವು. ಪಾಠದ ಹೊತ್ತಿನಲ್ಲಿ ಆಫೀಸಿನ ಒಂದು ಫೋನ್ ಸದಾ ಚಾಲೂ ಇರುತ್ತದೆ. ಸಂಜೆ ಮಕ್ಕಳು ಹೊರಡುವ ಮುನ್ನ ಯಾರಾದರೂ ಆನೆ ಗ್ರೂಪ್ ನೋಡುತ್ತಾರೆ, ಗುಡ್ಡದ ದಾರಿಯ ಮಕ್ಕಳು ಒಟ್ಟಿಗೇ ಹೊರಡುತ್ತಾರೆ. ಹೊರಗಿನ ಪಾಠವಿದ್ದರೆ ಒಬ್ಬರು ಪೋಷಕರು ಜೊತೆಗೆ ಬರುತ್ತಾರೆ. ಫೆಬ್ರವರಿಯಲ್ಲಿ ಬಸವರಾಜ ಸರ್ ಮತ್ತೆ ಅಸೈನ್‌ಮೆಂಟ್ ಮಾಡಲು ಒಪ್ಪಿದಾಗ, ಪಾಠಕ್ಕೆ ಮೊದಲು ಮಕ್ಕಳು ನಮ್ಮಿಬ್ಬರಿಗೂ ಕೂ ಹಾಕುವುದನ್ನು ಕಲಿಸಿದರು. ಸುಮಿತ್ರಾ ಸೊಂಟದ ಮೇಲೆ ಕೈಯಿಟ್ಟು ಪರೀಕ್ಷಕರಂತೆ ನಿಂತಿದ್ದರು. ನನ್ನದು ಹೇಗೋ ಪಾಸಾಯಿತು. ಬಸವರಾಜ ಸರ್ ಎದೆ ತುಂಬ ಉಸಿರೆಳೆದು ಹಾಕಿದ ಕೂ ಕೇಳಿ ಚಂದನ್, “ಸರ್, ಇದನ್ನ ಕೇಳಿದ್ರೆ ಮಕ್ಕಳು ಬರಲ್ಲ, ಮುತ್ತಿನಕೊಪ್ಪದ ಬಸ್ ನಿಲ್ಲುತ್ತೆ!” ಎಂದ. ಅವತ್ತು ನಾನು ನಕ್ಕೆ. ಕ್ಯಾಮೆರಾ ಮತ್ತೆ ಅಲುಗಾಡಿತು.

ಮಕ್ಕಳು ಶಾಲೆಯ ಹಿಂದಿನ ಬಯಲಿಗೆ ಹೋದರು. ಒಂದೇ ಜಾತಿಯ ಗಿಡ ಒಂದು ಕಡೆ ಎತ್ತರ, ಇನ್ನೊಂದು ಕಡೆ ಗಿಡ್ಡ ಯಾಕೆ ಎಂಬುದು ಅವತ್ತಿನ ಒಗಟು. ಪೊದೆಗಳ ಹಿಂದೆ ಅವರು ಮರೆಯಾದ ಕೂಡಲೇ, ಹಿಂದಿನ ಕಿಟಕಿಯ ಪಕ್ಕ ನಿಂತು ರೆಕಾರ್ಡ್ ಮಾಡುತ್ತಿದ್ದ ನಾನು ಕ್ಯಾಮೆರಾದಿಂದ ಕಣ್ಣು ತೆಗೆದೆ. ನಾನು ಅಬ್ಸರ್ವರ್, ಬಾಯಿ ಹಾಕಬಾರದು. ಮೊಬೈಲನ್ನು ಕಿಟಕಿಯ ಮೇಲಿಟ್ಟು, ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂ ಹಾಕಿದೆ. ಪೊದೆಯಾಚೆಯಿಂದ ಒಂದು ಕೂ ಬಂತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಇಡೀ ಎಂಟನೇ ತರಗತಿ ಕೂ ಹಾಕಿತು.

ವಿಡಿಯೋ ನೋಡಿದ ಮೆಂಟರ್ ಕೇಳಿದರು: “ಆರಂಭದಲ್ಲಿ ಎಲ್ಲರೂ ಯಾಕೆ ಕೂಗುತ್ತಿದ್ದೀರಿ? ಮಾದರಿಯ ಯಾವ ಹಂತ ಅದು?” ಬಸವರಾಜ ಸರ್ ಉತ್ತರ ಬರೆದರು: “ಅದು ನಮ್ಮ ಶಾಲೆಯ ಮೊದಲನೇ ಹಂತ.”

ಇಷ್ಟು ವರ್ಷ ಪಾಠ ಹೇಳಿದ ಮೇಲೆ ನನಗೆ ಈ ಕೆಲಸ ಕಲಿಸಿದ್ದು ಇದು. ಶಿಕ್ಷಕರು ಎಷ್ಟು ಹೊತ್ತು ಸುಮ್ಮನಿರಬೇಕೆಂದು ಒಳ್ಳೆಯ ಮಾದರಿ ಹೇಳಿಕೊಡುತ್ತದೆ. ಯಾವಾಗ ಬಾಯಿ ಬಿಡಬೇಕೆಂಬುದನ್ನು ಆ ಊರಿನ ಗುಡ್ಡ, ಆ ಮಕ್ಕಳ ಮನೆಯವರು ಹೇಳಬೇಕು, ನಾವು ಹೋಗಿ ಕೇಳಿದರೆ. ಮಗು ಉತ್ತರಿಸುತ್ತಿಲ್ಲವೆಂದರೆ ಅದಕ್ಕೆ ಕೇಳಿಸಿಲ್ಲವೆಂದು ನಾನೀಗ ಅಂದುಕೊಳ್ಳುವುದಿಲ್ಲ. ಗಣಿತದ ಲೆಕ್ಕಕ್ಕೆ ಸುಮ್ಮನೆ ನಿಂತ ಹುಡುಗಿಯನ್ನೂ ಮತ್ತೆ ಹೆಸರು ಹಿಡಿದು ಕೂಗುವ ಮೊದಲು ಒಂದು ಸಲ ಯೋಚಿಸುತ್ತೇನೆ.

ಮಕ್ಕಳು ಕೂ ಹಾಕಿದ ದಿನ ರಾತ್ರಿ ನಾನು ಬೇಗ ಮಲಗಿದೆ. ನರಸಿಂಹರಾಜಪುರದ ನಮ್ಮ ಬೀದಿಗೆ ನಲ್ಲಿ ಬಿಡುವುದು ಬೆಳಗಿನ ಜಾವ. ನವೆಂಬರಿನಿಂದ ಒಂದು ದಿನವೂ ಆ ಸದ್ದಿಗೆ ನಾನು ಏಳದೇ ಇದ್ದದ್ದಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ನನ್ನವರು ಒದ್ದೆ ಕಾಲಿನಲ್ಲಿ ಬಾಗಿಲಲ್ಲಿ ನಿಂತಿದ್ದರು.

“ನೀರು ಬಂದು ಎಷ್ಟೊತ್ತಾಯ್ತು ಗೊತ್ತಾ? ಬಿಂದಿಗೆ ತುಂಬಿ ಅಂಗಳವೆಲ್ಲ ಹರಿದಿದೆ,” ಎಂದರು. “ನೀನು ಏಳಲೇ ಇಲ್ಲ.”